ಹಡಗಿನ ಫ್ರಿಜ್ಜಿಗೆ ಕೌದಿ

ನಾನು ಈ ತನಕ ಸಮುದ್ರ ನೋಡಿಲ್ಲ. ಆದರೆ ಹಾಯಿಹಡಗಿನಲ್ಲಿ ಫ್ರಿಜ್ ಕೂಡಿಸುವುದು ಹೇಗೆ ಅಂತ ಕೇಳಿ ನೋಡಿ, ಒಂದು ತಾಸು ಬಿಡದೆ ಹೇಳುತ್ತೇನೆ. ಕಲಬುರಗಿಯಲ್ಲಿ ಕೂತವನಿಗೆ ಈ ವಿದ್ಯೆ ಯಾಕೆ ಬೇಕಾಯಿತು ಅಂತೀರಾ? ನಿವೃತ್ತನಾದ ಮೇಷ್ಟ್ರ ಕೈಗೆ ಮೊಬೈಲ್ ಕೊಟ್ಟರೆ ಹೀಗೇ ಆಗುವುದು. ಯಾರೋ ಗಂಡ ಹೆಂಡತಿ, ದೋಣಿಯಲ್ಲೇ ಅವರ ಸಂಸಾರ, ಹಳೆಯ ಫ್ರಿಜ್ ಕಿತ್ತು ಹೊಸದು ಕೂಡಿಸಿದ ವಿಡಿಯೋ ಹಾಕಿದ್ದರು. ಅದನ್ನು ನಾನು ಏಳು ಸಲ ನೋಡಿದೆ. ನನ್ನ ಪಾಠವನ್ನು ಯಾವ ಹುಡುಗನೂ ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ.

ಕಾರಣ ಇತ್ತು. ನನ್ನ ಹೆಂಡತಿ ಸುಶೀಲೆಗೆ ನಾಲ್ಕು ವರ್ಷದಿಂದ ದಿನಾ ಇನ್ಸುಲಿನ್ ಬೇಕು, ಇನ್ಸುಲಿನ್ನಿಗೆ ತಂಪು ಬೇಕು. ನಮ್ಮ ಊರ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಚಹಾಕ್ಕೆ ಆಗುವಷ್ಟು ಬಿಸಿನೀರು ಬರುತ್ತದೆ. ಹಾಗಾಗಿ ಅವಳು ಊರು ಬಿಟ್ಟು ಎಲ್ಲೂ ಹೋಗಿಲ್ಲ. ಸಮುದ್ರ ನೋಡಬೇಕೆಂಬುದು ಮದುವೆಯಾದಾಗಿನಿಂದ ಅವಳ ಆಸೆ. ಅದನ್ನು ಈಡೇರಿಸಿಯೇ ತೀರುತ್ತೇನೆಂದು ಒಂದು ಹಳೆಯ ವ್ಯಾನ್ ಕೊಂಡೆ. ಒಳಗೆ ಮಂಚ, ಒಲೆ, ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ಫ್ರಿಜ್. ಸುಶೀಲೆ ಅದಕ್ಕೆ ‘ಹಡಗು’ ಅಂತ ಹೆಸರಿಟ್ಟಳು. ಅದು ಹೊಗಳಿಕೆ ಅಲ್ಲ ಅಂತ ನನಗೆ ತಡವಾಗಿ ತಿಳಿಯಿತು.

ನಿಜವಾದ ಹಡಗಿನ ಫ್ರಿಜ್ಜಿನ ಬಾಗಿಲು ಮೇಲಕ್ಕೆ ತೆರೆಯುತ್ತದೆ, ಗೊತ್ತೇ? ತಣ್ಣನೆಯ ಗಾಳಿ ಭಾರ. ಬಾಗಿಲು ಪಕ್ಕದಲ್ಲಿದ್ದರೆ ತೆರೆದಾಗಲೆಲ್ಲ ತಂಪು ಕಾಲ ಮೇಲೆ ಸುರಿದುಹೋಗುತ್ತದೆ. ಇನ್ನೊಂದು, ಆ ದಂಪತಿ ಪೆಟ್ಟಿಗೆಯ ಸುತ್ತ ಗೇಣು ದಪ್ಪ ಹೊದಿಕೆ ಹಾಕಿದ್ದರು. ನಾನೇನು ಕಮ್ಮಿ? ನಮ್ಮ ರಸ್ತೆಯ ತಗ್ಗುಗಳಿಗೂ ಆಯಿತು, ತಂಪಿಗೂ ಆಯಿತು ಅಂತ ನಮ್ಮ ಅತ್ತೆ ಹಳೆಯ ಸೀರೆ ಸೇರಿಸಿ ಹೊಲಿದ ನಾಲ್ಕು ಕೌದಿ ತಂದು, ಫ್ರಿಜ್ಜನ್ನು ಹಿಂದೆ ಮುಂದೆ ಎನ್ನದೆ ಸುತ್ತಿ, ಪ್ಲೈವುಡ್ ಗೂಡಿನಲ್ಲಿ ಬಿಗಿಯಾಗಿ ತುರುಕಿದೆ.

ಬ್ಯಾಟರಿಯ ವೈರು ಜೋಡಿಸಲು ಬಂದವನು ಮೋಮಿನಪುರದ ಮೆಕ್ಯಾನಿಕ್ ಖಾದರ್ ಭಾಯಿ. ಗೂಡಿನೊಳಗೆ ಬಗ್ಗಿ ನೋಡಿದ.

“ಸರ್, ಹಿಂದ ನಾಲ್ಕು ಬೆರಳು ಜಾಗಾ ಬಿಡ್ರಿ. ಮಶೀನಿಗೆ ಹವಾ ಬೇಕು.”

“ಭಾಯಿ, ನಾ ಮೂವತ್ತು ವರ್ಷ ಫಿಸಿಕ್ಸ್ ಹೇಳೀನಿ.”

“ಗೊತ್ತದ ರೀ. ನಮ್ಮ ತಮ್ಮ ನಿಮ್ಮ ಕಡೇನೇ ಕಲ್ತಾನ. ಒಂದೇ ಕ್ಲಾಸು ಎರಡು ವರ್ಷ.”

ಇಷ್ಟು ಹೇಳಿ ಅವನು ವೈರು ಜೋಡಿಸಿ ಹೋದ. ನಾನು ಅದನ್ನು ಪ್ರಶಂಸೆ ಎಂದೇ ತಗೊಂಡೆ.

ಸಮುದ್ರಕ್ಕೆ ಹೋಗುವ ಮುಂಚೆ ಒಂದು ಪರೀಕ್ಷೆ ಆಗಲಿ ಅಂತ ಹತ್ತಿರದ ಕಮಲಾಪುರಕ್ಕೆ ಹೊರಟೆವು. ಮೇ ತಿಂಗಳ ಮಧ್ಯಾಹ್ನ. ದಾರಿಯುದ್ದಕ್ಕೂ ನಾನು ಸಮುದ್ರದ ಉಬ್ಬರ ಇಳಿತಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಊರು ಮುಟ್ಟಿ, ಬೇವಿನ ಗಿಡದ ನೆರಳಲ್ಲಿ ಗಾಡಿ ನಿಲ್ಲಿಸಿ, ಕೆಂಪು ಬಾಳೆಹಣ್ಣು ತಗೊಂಡೆವು. ಹಿಂದಿನ ಬಾಗಿಲು ತೆಗೆದರೆ ಸುಟ್ಟ ವಾಸನೆ. ಫ್ರಿಜ್ ಸತ್ತು ಮಲಗಿತ್ತು, ಮುಟ್ಟಿದರೆ ಹಂಚಿನಷ್ಟು ಬಿಸಿ.

“ಈ ಬಿಸಿಲಾಗ ನಾಲ್ಕು ಕೌದಿ ಹೊಚ್ಚಿ ಕೂಡ್ಸಿದ್ರ ನಿಮಗ ಹೆಂಗಾಗ್ತದ್ರಿ?” ಅಂದಳು ಸುಶೀಲೆ.

ಅಯ್ಯೋ ದೇವರೇ! ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ಎಸೆಯುತ್ತದೆ ಅಂತ ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದವನು ನಾನು. ದೋಣಿಯವರು ಹೊದಿಕೆ ಹಾಕಿದ್ದು ಪೆಟ್ಟಿಗೆಗೆ, ಮಶೀನಿಗಲ್ಲ. ಆದರೆ ಆ ಹೊತ್ತಿಗೆ ನನಗೆ ನಾಚಿಕೆಗಿಂತ ಭಯ ಹೆಚ್ಚಾಯಿತು. ಒಳಗೆ ಅವಳ ಔಷಧವಿತ್ತು! ಮುಚ್ಚಳ ತೆಗೆದೆ. ಒಂದು ಡಬ್ಬಿ ಮೊಸರು, ಎರಡು ಬಾಟಲಿ ನೀರು. ಅಷ್ಟೇ.

ಸುಶೀಲೆ ತನ್ನ ಕೈಚೀಲದಿಂದ ಒಂದು ಥರ್ಮಾಸ್ ತೆಗೆದಳು. ಒಳಗೆ ತಣ್ಣೀರು, ನೀರಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಇನ್ಸುಲಿನ್, ತಂಪಾಗಿ ಕೂತಿತ್ತು.

“ಇದು ಯಾರು ಹೇಳಿಕೊಟ್ರು?”

“ಡಾಕ್ಟರಮ್ಮ. ಮೊದಲನೇ ದಿನಾನೇ ಹೇಳ್ಯಾರ.”

“ನಾಲ್ಕು ವರ್ಷ ಆತಲ್ಲ! ನನಗ್ಯಾಕ ಹೇಳ್ಲಿಲ್ಲ?”

“ನೀವು ಕೇಳಿದ್ರ ಅಲ್ಲೇನು ಹೇಳೂದು? ಮದುವಿಗೆ ಕರದ್ರು, ಯಾತ್ರೆಗೆ ಕರದ್ರು. ‘ಆಕಿಗಿ ಆಗಂಗಿಲ್ಲ’ ಅಂತ ಪ್ರತೀ ಸಲ ಉತ್ತರ ಕೊಟ್ಟೋರು ನೀವು. ಈಗರ ಏನು? ಗಾಡಿ ತಂದ್ರಿ, ಫ್ರಿಜ್ ಕೂಡ್ಸಿದ್ರಿ, ಸಮುದ್ರಕ್ಕ ಹೋಗೂದದ ಅಂತ ಹೇಳಿದ್ರಿ. ಬರ್ತಿಯೇನು ಅಂತ ಕೇಳಿದ್ರೇನು?”

ಸಿಟ್ಟಿನಿಂದ ಹೇಳಿದ್ದರೆ ಜಗಳ ಮಾಡಬಹುದಿತ್ತು. ಅವಳು ಬಾಳೆಹಣ್ಣು ಸುಲಿಯುತ್ತ ಹೇಳಿದಳು. ಇನ್ನೊಬ್ಬರ ಎದುರು ಅವಳ ಕಷ್ಟ ಹೇಳಿಕೊಂಡು ನಾನು ಒಳ್ಳೆಯ ಗಂಡ ಅನ್ನಿಸಿಕೊಂಡಿದ್ದೆ. ಊರು ತಿರುಗಲು ಮನಸ್ಸಿಲ್ಲದವನು ನಾನು, ನೆಪ ಅವಳದು.

ಕೌದಿ ಒಂದೊಂದಾಗಿ ಎಳೆದು ಹೊರಗೆ ಹಾಕಿದೆ. ಬೆವರು ಒರೆಸಿಕೊಂಡು ಅವಳ ಪಕ್ಕ ಕಟ್ಟೆಯ ಮೇಲೆ ಕೂತೆ. ಹೊಸದಾಗಿ ಹೆಣ್ಣು ನೋಡಲು ಬಂದವನ ಹಾಗೆ ಅಂಗಿಯ ಕಾಲರ್ ಸರಿಮಾಡಿಕೊಂಡೆ.

“ಸಮುದ್ರ ನೋಡಾಕ ನನ್ನ ಜೋಡಿ ಬರ್ತಿಯೇನು?” ಅಂದೆ.

ಅವಳು ಹಣ್ಣಿನ ಅರ್ಧ ನನ್ನ ಕೈಗಿಟ್ಟು, ಉಳಿದರ್ಧ ತಾನು ನಿಧಾನವಾಗಿ ತಿಂದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

“ವಿಚಾರ ಮಾಡಿ ಹೇಳ್ತೀನ್ರಿ” ಅಂದಳು.