ಸಂಚಾರಿ ಸೌಕರ್ಯ ಕೇಂದ್ರದ ಯಜಮಾನ್ತಿ

ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ, ಅವಳದೊಂದು ಹೊಲಿಗೆ ಅಂಗಡಿ. ಮದುವೆಗೆ ಮುಂಚೆಯೇ ಕತ್ತರಿ ಹಿಡಿದವಳು, ಮದುವೆಯಾದ ಮೇಲೆ ಆ ಕತ್ತರಿಯಿಂದಲೇ ಸಂಸಾರ ನಡೆಸಿದವಳು. ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದ. ಜನ ಹೊತ್ತು ನೋಡುವುದಕ್ಕೂ ಮೊಬೈಲನ್ನೇ ನೆಚ್ಚಿಕೊಂಡ ಮೇಲೆ ಗಡಿಯಾರಗಳ ಜೊತೆಗೆ ಅವನ ಕಸುಬೂ ನಿಂತುಹೋಯಿತು. ತನ್ನ ಗಾಜಿನ ಪೆಟ್ಟಿಗೆ ಎತ್ತಿಕೊಂಡು ಹೆಂಡತಿಯ ಅಂಗಡಿಗೆ ಬಂದ. ನಾಲ್ಕು ದಿನ ಇದ್ದು ಬೇರೆ ದಾರಿ ನೋಡಿಕೊಳ್ಳುತ್ತೇನೆ ಅಂದ. ಬೇರೆ ದಾರಿ ಹುಡುಕಲು ಅವನು ಎದ್ದು ಹೋಗಬೇಕಾಗಿಯೂ ಬರಲಿಲ್ಲ. ಕೂತಲ್ಲಿಂದಲೇ ಕಾಣಿಸಿತು: ಎದುರಿಗೆ ಬಸ್ಸುಗಳು, ಬಸ್ಸುಗಳಿಗೆ ಕಾಯುವ ಜನ, ಆ ಜನರ ಮುಖದ ತುಂಬ ಕಷ್ಟ. ಇಷ್ಟೊಂದು ಕಷ್ಟ ರಸ್ತೆಯಾಚೆ ಪುಕ್ಕಟೆ ಬಿದ್ದಿರುವಾಗ ತಾನು ಸುಮ್ಮನೆ ಕೂರುವುದು ತಪ್ಪು ಎಂದು ಅವನಿಗೆ ಅನ್ನಿಸಿತು.

ಅಂಗಡಿಯ ಬೋರ್ಡು ಬದಲಾಯಿತು. ‘ಲೇಡೀಸ್ ಟೈಲರ್’ ಅನ್ನುವ ಅಕ್ಷರಗಳು ಮೂಲೆಗೆ ಸರಿದು ಮುದುಡಿಕೊಂಡವು. ಉಳಿದ ಜಾಗವನ್ನೆಲ್ಲ ‘ಸಂಚಾರಿ ಸೌಕರ್ಯ ಕೇಂದ್ರ’ ಆಕ್ರಮಿಸಿತು. ಜನ ಅವನನ್ನು ಸಂಚಾರಿ ಎಂದೇ ಕರೆಯತೊಡಗಿದರು. ಹಾಗೆ ಕರೆದಾಗಲೆಲ್ಲ ನಗು ತಡೆಯುವ ಭರದಲ್ಲಿ ಅವಳು ಸೂಜಿಯನ್ನು ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು. ಯಾಕೆಂದರೆ ಈ ಸಂಚಾರಿ ಮಹಾಶಯ ಊರು ದಾಟಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಅರ್ಧ ದಾರಿ. ಮದುವೆಯ ಹೊಸದರಲ್ಲಿ ಅವಳ ತಾಯಿಯ ಮನೆಗೆಂದು ಇಬ್ಬರೂ ಬಸ್ಸು ಹತ್ತಿದ್ದರು. ಮೊದಲನೇ ತಿರುವಿನಲ್ಲಿ ಅವನ ಮುಖ ಹಸಿರಾಯಿತು. ಎರಡನೆಯದರಲ್ಲಿ ಅವನ ಹೊಸ ಅಂಗಿ ಹೋಯಿತು, ಮೂರನೆಯದರಲ್ಲಿ ಅವಳ ಹೊಸ ಬಟ್ಟೆ. ಅಲ್ಲೇ ಇಳಿದು ನಡೆದುಕೊಂಡು ವಾಪಸು ಬಂದವನು ಮತ್ತೆ ಬಸ್ಸಿನ ಮೆಟ್ಟಿಲು ತುಳಿಯಲಿಲ್ಲ. ಯಾರು ಎಲ್ಲಿಗೆ ಕರೆದರೂ, ಅಂಗಡಿ ಬಿಟ್ಟು ಹೇಗೆ ಬರಲಿ ಅನ್ನುವುದೊಂದೇ ಉತ್ತರ. ಅವಳು ತಾಯಿಯ ಮನೆಗೆ ಒಬ್ಬಳೇ, ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಕತ್ತಲಾಗುವ ಮೊದಲು ಬಂದುಬಿಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅದಕ್ಕೂ ಕಾರಣ ಉಳಿಯಲಿಲ್ಲ.

ಪ್ರಯಾಣವೇ ಗೊತ್ತಿಲ್ಲದಿದ್ದರಿಂದ ಸಂಚಾರಿಯ ಕಲ್ಪನೆಗೆ ಲಂಗುಲಗಾಮು ಇರಲಿಲ್ಲ. ಬಸ್ಸಿನಲ್ಲಿ ನಿದ್ದೆ ಹೋದವರ ತಲೆ ಪಕ್ಕದವರ ಹೆಗಲಿಗೆ ಬೀಳುತ್ತದಂತೆ ಎಂದು ಯಾರೋ ಹೇಳಿದ್ದೇ ತಡ, ಕತ್ತಿನ ದಿಂಬು ತಯಾರಾಯಿತು. ಅದರ ಪಟ್ಟಿ ಗದ್ದದ ಕೆಳಗೆ ಬಿಗಿಯಬೇಕು, ಹಿಂದಿನ ಕೊಕ್ಕೆಯನ್ನು ಸೀಟಿಗೆ ಸಿಕ್ಕಿಸಬೇಕು. ಆಮೇಲೆ ತಲೆ ಎಲ್ಲಿಗೂ ಬೀಳುವುದಿಲ್ಲ, ಎಲ್ಲಿಗೂ ತಿರುಗುವುದೂ ಇಲ್ಲ. ಕಳ್ಳರ ಕಾಟಕ್ಕೆ ಮೈತುಂಬ ಜೇಬುಗಳಿರುವ ಮೇಲಂಗಿ ಬಂತು. ಅದನ್ನು ಕೊಂಡವರ ಸಾಮಾನು ಕಳ್ಳನಿಗಿರಲಿ, ಅವರಿಗೇ ಸಿಗುತ್ತಿರಲಿಲ್ಲ. ದಾರಿಯಲ್ಲಿ ಕೈಕಾಲು ತೊಳೆಯಲು ಮಡಚಿದರೆ ರೊಟ್ಟಿಯಷ್ಟಾಗುವ ರೆಕ್ಸಿನ್ ಬಕೆಟ್ಟು ಬಂತು. ಯೋಚನೆ ಅವನದು, ಹೊಲಿಗೆ ಅವಳದು. ಹೆಸರು ಅವನದಾಯಿತು, ಬೆನ್ನುನೋವು ಅವಳದಾಯಿತು. ಆದರೂ ವ್ಯಾಪಾರ ಆಗುತ್ತಿತ್ತು. ಬಸ್ಸು ಹೊರಡುವ ಗಡಿಬಿಡಿಯಲ್ಲಿ ಜನ ಏನನ್ನಾದರೂ ಕೊಳ್ಳುತ್ತಾರೆ, ದೂರು ಹೇಳಲು ತಿರುಗಿ ಬರುವಷ್ಟು ಹತ್ತಿರ ಯಾರೂ ಹೋಗುವುದಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಅಂಗಡಿಗೆ ಬಂದರು. ದೂರದ ದೊಡ್ಡ ಊರಿನ ಪ್ರಯಾಣಿಕರ ಸಂಘದ ಕಾರ್ಯದರ್ಶಿಯಂತೆ. ಸಂಘ ವರ್ಷಕ್ಕೊಬ್ಬರಿಗೆ ‘ಪ್ರಯಾಣಿಕ ಬಂಧು’ ಎಂಬ ಬಿರುದು ಕೊಡುತ್ತದೆ, ಈ ಸಲ ಅದು ಸಂಚಾರಿಯವರಿಗೆ ಎಂದರು. ಸಂಚಾರಿಯ ಎದೆ ಉಬ್ಬಿತು, ಮುಖ ಇಷ್ಟಗಲವಾಯಿತು. ಸಮಾರಂಭ ತಮ್ಮೂರಿನಲ್ಲಿ, ಬೆಳಗ್ಗೆ ಹೊರಟರೆ ಸಂಜೆಗೆ ತಲುಪುತ್ತೀರಿ, ಟಿಕೆಟ್ಟೂ ತೆಗೆಸಿದ್ದೇವೆ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಉಬ್ಬಿದ್ದು ಇಳಿದುಹೋಯಿತು.

“ಅದನ್ನ ಪೋಸ್ಟಲ್ಲಿ ಕಳಿಸೋಕಾಗಲ್ವಾ?” ಅಂದ.

ಕಾರ್ಯದರ್ಶಿ ಅದನ್ನು ವಿನಯ ಎಂದು ತಿಳಿದು ಗೌರವದಿಂದ ತಲೆಯಾಡಿಸಿದರು. ಊರಿಗೆಲ್ಲ ಸುದ್ದಿ ಹರಡಿತು. ಹೋಗದೆ ಗತಿ ಇರಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಮಗಳು ಅಂಗಡಿ ನೋಡಿಕೊಳ್ಳಲು ಒಪ್ಪಿದಳು. ಔಷಧಿ ಅಂಗಡಿಯವನು ವಾಂತಿಗೆ ಮಾತ್ರೆ ಕೊಡಲು ಬಂದರೆ ಸಂಚಾರಿ ಮೂಗು ಮುರಿದ. ತನ್ನ ಸಾಧನಗಳಿರುವಾಗ ಮಾತ್ರೆ ಯಾಕೆ? ಅದನ್ನು ನುಂಗಿದರೆ ಬಿರುದಿಗೇ ಅವಮಾನ ಅಂದ.

ಹೊರಡುವ ದಿನ ಅವನು ಮೇಲಂಗಿ ತೊಟ್ಟು, ದಿಂಬು ಬಿಗಿದು, ಹಣೆಯ ಮೇಲೆ ಕಣ್ಣುಪಟ್ಟಿ ಏರಿಸಿ, ಮಡಚುವ ಸಾಮಾನುಗಳನ್ನೆಲ್ಲ ಸೊಂಟಕ್ಕೆ ಇಳಿಬಿಟ್ಟುಕೊಂಡು ಬಸ್ಸಿನ ಬಾಗಿಲಿಗೆ ಬಂದ. ಬಾಗಿಲು ಅವನಿಗಿಂತ ಕಿರಿದಾಗಿತ್ತು. ಹಿಂದಿದ್ದವರು ಗೊಣಗತೊಡಗಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತಿದ್ದವನು ಅರ್ಧ ತಲೆಯೆತ್ತಿ, “ಅಕ್ಕಾ, ಲಗೇಜೆಲ್ಲ ಮೇಲೆ ಹಾಕ್ಸಿ,” ಅಂದ.

“ಲಗೇಜಲ್ಲಪ್ಪ, ನಮ್ಮೆಜಮಾನ್ರು,” ಅಂದಳು ಅವಳು. ಹಿಂದಿನಿಂದ ನೂಕಿ ಒಳಗೆ ತುರುಕಿದಳು.

ಕಿಟಕಿ ಪಕ್ಕ ಕೂತರೆ ಓಡುವ ಮರಗಳು ಕಂಡು ತಲೆ ಸುತ್ತುತ್ತದೆ ಎಂದು ಅವನು ಈಚೆಯ ಸೀಟಿನಲ್ಲಿ ಕೂತು, ಕೊಕ್ಕೆ ಸಿಕ್ಕಿಸಿ, ಕಣ್ಣುಪಟ್ಟಿ ಇಳಿಸಿದ. ಹಾಗಾಗಿ ಕಿಟಕಿ ಅವಳಿಗೆ ಬಂತು. ಬಸ್ಸು ಊರು ಬಿಟ್ಟು ಮೊದಲ ತಿರುವಿಗೆ ಬರುವಾಗ ಅವನು ಅವಳ ಕೈ ಹಿಡಿದ. ಇಷ್ಟು ವರ್ಷದ ಮೇಲೆ ಏನು ಪ್ರೀತಿಯಪ್ಪಾ ಎಂದು ಅವಳು ತಿರುಗಿ ನೋಡಿದರೆ ಪ್ರೀತಿ ಗೀತಿ ಏನೂ ಅಲ್ಲ. ಗದ್ದಕ್ಕೆ ಪಟ್ಟಿ ಬಿಗಿದಿತ್ತು, ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕೊಕ್ಕೆ ಸೀಟಿಗೆ ಕಚ್ಚಿಕೊಂಡಿತ್ತು, ಬಗ್ಗಲು ಆಗುತ್ತಿರಲಿಲ್ಲ. ವಾಂತಿಗೆಂದು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಚೀಲ ಯಾವುದೋ ಒಂದು ಜೇಬಿನಲ್ಲಿತ್ತು. ಅವನ ಕೈಗಳು ಎದೆ, ಹೊಟ್ಟೆ, ತೊಡೆಯನ್ನೆಲ್ಲ ಬಡಿದುಕೊಂಡು ಸೋತವು. ಪಟ್ಟಿ ಕಿತ್ತುಬರುವ ಹಾಗಿರಲಿಲ್ಲ. ಅವಳೇ ಗಟ್ಟಿ ದಾರದಲ್ಲಿ ಎರಡೆರಡು ಸಲ ಹೊಲಿದದ್ದು. ತನ್ನ ಕೈಗುಣಕ್ಕೆ ತಾನೇ ಶಾಪ ಹಾಕುತ್ತ ಕತ್ತರಿ ತೆಗೆದು ಪಟ್ಟಿ ಕತ್ತರಿಸಿದಳು, ಇನ್ನೊಂದು ಕೈಯಲ್ಲಿ ರೆಕ್ಸಿನ್ ಬಕೆಟ್ಟು ಬಿಡಿಸಿ ಮುಂದೆ ಹಿಡಿದಳು. ಒಂದು ಗಳಿಗೆ ತಡವಾಗಿದ್ದರೂ ಮುಂದಿನ ಸೀಟಿನವರ ಗತಿ ದೇವರೇ ಬಲ್ಲ. ಬಕೆಟ್ಟು ಒಂದು ತೊಟ್ಟೂ ಸೋರಲಿಲ್ಲ. ಸಂಚಾರಿಯ ಸಾಧನಗಳಲ್ಲಿ ಅವನ ಕೈಯಿಂದಲೇ, ಅಥವಾ ಬಾಯಿಂದಲೇ, ಪರೀಕ್ಷೆಯಾಗಿ ಗೆದ್ದ ಮೊದಲನೆಯದು ಅದು.

ಆಮೇಲೆ ಅವನು ಸುಸ್ತಾಗಿ ನಿದ್ದೆ ಹೋದ. ತಲೆ ಅವಳ ಹೆಗಲ ಮೇಲೆ ಬಿತ್ತು. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಇಟ್ಟಿಗೆ ಗೂಡುಗಳು ಹೊಗೆಯಾಡುತ್ತಿದ್ದವು. ಒಂದು ಹೊಳೆ ರಸ್ತೆಯ ಜೊತೆಗೇ ಬಹಳ ಹೊತ್ತು ಬಂದು, ಏನೋ ನೆನಪಾದ ಹಾಗೆ ಪಕ್ಕಕ್ಕೆ ತಿರುಗಿಹೋಯಿತು. ಈ ಊರುಗಳ ಹೆಸರುಗಳನ್ನೆಲ್ಲ ಅವಳು ವರ್ಷಗಟ್ಟಲೆ ಗಿರಾಕಿಗಳ ಬಾಯಲ್ಲಿ ಕೇಳಿದ್ದಳು. ಅವು ನಿಜವಾಗಿಯೂ ಇವೆ, ಅಲ್ಲೂ ಯಾರೋ ಬಟ್ಟೆ ಒಣಹಾಕುತ್ತಿದ್ದಾರೆ ಅನ್ನುವುದು ಅವಳಿಗೆ ವಿಚಿತ್ರ ಖುಷಿ ಕೊಟ್ಟಿತು. ಗಂಡನ ಸಂಕಟ ನೋಡಿ ಮರುಗಬೇಕಾದ ಹೊತ್ತಿನಲ್ಲಿ ಹೀಗೆ ಖುಷಿಪಡುವುದು ಸರಿಯೇ ಎಂದು ಒಮ್ಮೆ ಯೋಚಿಸಿದಳು. ಅಷ್ಟರಲ್ಲಿ ಬೆಟ್ಟವೊಂದು ಬಂತು, ಯೋಚನೆ ಅಲ್ಲೇ ಬಿಟ್ಟುಹೋಯಿತು.

ಮಧ್ಯಾಹ್ನ ಬಸ್ಸು ಹೆದ್ದಾರಿಯ ಹೋಟೆಲೊಂದರ ಮುಂದೆ ನಿಂತಿತು. ‘ನಿಮ್ಮ ಸುಖಪ್ರಯಾಣವೇ ನಮ್ಮ ಧ್ಯೇಯ’ ಎಂದು ಆನೆಗಾತ್ರದ ಬೋರ್ಡು. ಒಳಗೆ ಸೌಕರ್ಯವೋ ಸೌಕರ್ಯ. ಪುಕ್ಕಟೆ ವೈಫೈ, ಮೊಬೈಲ್ ಚಾರ್ಜ್ ಮಾಡಲು ಗೋಡೆತುಂಬ ಪ್ಲಗ್ಗು, ನಾಣ್ಯ ಹಾಕಿದರೆ ಬೆನ್ನು ಒತ್ತುವ ಕುರ್ಚಿ, ಯಾವ ಬಸ್ಸು ಎಲ್ಲಿದೆ ಎಂದು ತೋರಿಸುವ ಪರದೆ. ಅವರು ಬಂದ ಬಸ್ಸು ಎದುರಿಗೇ ನಿಂತಿದ್ದರೂ ಪರದೆಯ ಪ್ರಕಾರ ಅದಿನ್ನೂ ಘಟ್ಟದ ಮೇಲಿತ್ತು. ಇಷ್ಟೆಲ್ಲ ಇದ್ದು, ಹೆಂಗಸರ ಶೌಚಾಲಯಕ್ಕೆ ಬೀಗ. ಬಾಗಿಲ ಮುಂದೆ ಹೆಂಗಸರ ಸಾಲು. ಒಬ್ಬ ಬಸುರಿ ಗೋಡೆ ಹಿಡಿದು ನಿಂತಿದ್ದಳು. ಗಂಡಸರು ಹೋಟೆಲಿನ ಹಿಂದಿನ ಬಯಲಿಗೆ ಹೋಗಿ ಹಗುರಾಗಿ ಸಿಳ್ಳೆ ಹಾಕುತ್ತ ಬರುತ್ತಿದ್ದರು. ಮ್ಯಾನೇಜರನನ್ನು ಕೇಳಿದರೆ ಬೀಗದ ಕೈ ಓನರ್ ಹತ್ತಿರ ಇದೆ, ಅವರು ಪೇಟೆಗೆ ಹೋಗಿದ್ದಾರೆ, ಅಲ್ಲಿಯವರೆಗೆ ವೈಫೈ ಬಳಸಿಕೊಳ್ಳಿ ಅಂದ.

ಅವಳು ಒಂದು ಕ್ಷಣ ಬೀಗ ನೋಡಿದಳು. ಹೋಗಿ, ಬೆಂಚಿನ ಮೇಲೆ ಅಂಗಾತ ಬಿದ್ದಿದ್ದ ಗಂಡನ ಜೇಬುಗಳನ್ನು ಒಂದೊಂದಾಗಿ ತಡಕತೊಡಗಿದಳು. ಅವನು ಕಣ್ಣು ಬಿಡದೆ ಏನು ಬೇಕು ಎಂದು ನರಳಿದ. ಗೋಡೆ ಗಡಿಯಾರ ಬಿಚ್ಚುವ ಅವನ ಸ್ಕ್ರೂಡ್ರೈವರ್ ಕಡೆಗೂ ಅವನನ್ನು ಮಗ್ಗುಲಿಗೆ ಹೊರಳಿಸಿದ ಮೇಲೆ ಬೆನ್ನಿನ ಜೇಬಿನಲ್ಲಿ ಸಿಕ್ಕಿತು. ಬೆನ್ನಿಗೇಕೆ ಜೇಬು ಎಂದು ಹೊಲಿಯುವಾಗ ಅವಳು ಕೇಳಿದ್ದಳು, ಈಗ ಕೇಳಲಿಲ್ಲ. ಬಾಗಿಲಿಗೆ ಬಂದು ಚಿಲಕದ ಕೊಂಡಿಯ ಸ್ಕ್ರೂಗಳನ್ನು ಬಿಚ್ಚಿದಳು. ಕೊಂಡಿ ಬೀಗದ ಸಮೇತ ಕೈಗೆ ಬಂತು. ಒಳಗೆ ನೋಡಿದರೆ ಬೆನ್ನು ಒತ್ತುವ ಕುರ್ಚಿಗಳ ಖಾಲಿ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಸೇರಿ ಕೈಯಿಂದ ಕೈಗೆ ದಾಟಿಸಿ ಅವನ್ನು ಅಂಗಳಕ್ಕೆ ಎಸೆದರು. ಬಸುರಿಯನ್ನು ಮೊದಲು ಒಳಗೆ ಕಳಿಸಿದರು.

ಮ್ಯಾನೇಜರ್ ಓಡಿಬಂದ. “ಏನಮ್ಮಾ ನೀವು, ಬೀಗ ಒಡೆದುಬಿಟ್ರಾ?”

“ಯಾಕಪ್ಪಾ ಒಡೀಲಿ? ನಿಮ್ಮ ಬೀಗ ಹಾಗೇ ಇದೆ ನೋಡು,” ಎಂದು ಕೊಂಡಿಯ ಸಮೇತ ಅವನ ಅಂಗೈ ಮೇಲಿಟ್ಟಳು. “ಓನರ್ ಬಂದ್ಮೇಲೆ ಕೊಡು.”

ಕಂಡಕ್ಟರ್ ಹಾರ್ನ್ ಹೊಡೆಸುತ್ತಿದ್ದ. ಹೆಂಗಸರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯವಳು ಬರುವವರೆಗೂ ಯಾರೊಬ್ಬರೂ ಬಸ್ಸು ಹತ್ತಲಿಲ್ಲ.

ಮರುದಿನದ ಸಮಾರಂಭದಲ್ಲಿ ಕಾರ್ಯದರ್ಶಿ ಸಂಚಾರಿಯನ್ನು ಬಾಯ್ತುಂಬ ಹೊಗಳಿದರು. ದೇಶವೆಲ್ಲ ಸುತ್ತಿ, ಪ್ರಯಾಣಿಕನ ಕಷ್ಟವನ್ನು ಮೈಯಾರೆ ಉಂಡು, ಪರಿಹಾರ ಕಂಡುಕೊಂಡ ಅನುಭವಿ ಎಂದರು. ಅನುಭವಿ ಇನ್ನೂ ಬಿಳಚಿಕೊಂಡೇ ಇದ್ದ. ಎರಡು ಮಾತು ಆಡಬೇಕೆಂದು ಮೈಕು ಕೊಟ್ಟರು.

“ಪ್ರಯಾಣದ ಕಷ್ಟ ಏನು ಅಂತ ನನಗೆ ನಿನ್ನೆ ಗೊತ್ತಾಯ್ತು,” ಅಂದು ಕೂತುಬಿಟ್ಟ.

ಸಭೆ ಅದನ್ನು ದೊಡ್ಡ ಮಾತೆಂದು ಭಾವಿಸಿ ಚಪ್ಪಾಳೆ ತಟ್ಟಿತು. ಪ್ರಯಾಣದ ಬಗ್ಗೆ ಅವನು ಬದುಕಿನಲ್ಲಿ ಮೊದಲ ಸಲ ನಿಜ ಹೇಳಿದ್ದು ಗೊತ್ತಾದದ್ದು ಮುಂದಿನ ಸಾಲಿನಲ್ಲಿದ್ದ ಅವಳಿಗೊಬ್ಬಳಿಗೇ. ನಗು ಬಂತು, ಆದರೂ ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಲೇ ಇದ್ದಳು.

ವಾಪಸು ಹೊರಡುವ ದಿನ ಅವನು ಬಸ್ಸು ಕಂಡೊಡನೆ ಕಂಬ ತಬ್ಬಿಕೊಂಡು ನಿಂತ. ಮಾತ್ರೆ ತರುತ್ತೇನೆ ಅಂದರೂ ಕೇಳಲಿಲ್ಲ, ರೈಲಿನಲ್ಲಿ ಹೋಗೋಣ ಅಂದರೂ ಒಪ್ಪಲಿಲ್ಲ. “ನೀನು ಹೋಗೇ. ನಾನು ಹೇಗೋ ಬರ್ತೀನಿ,” ಅಂದ. ಹೊಲಿಯಲು ಒಪ್ಪಿಕೊಂಡ ಬಟ್ಟೆಗಳು ಅಂಗಡಿಯಲ್ಲಿ ಅವಳಿಗಾಗಿ ಕಾಯುತ್ತಿದ್ದವು. ಅವನನ್ನು ಕಾರ್ಯದರ್ಶಿಯ ಮನೆಗೆ ಒಪ್ಪಿಸಿ, ಮಾತ್ರೆಯೊಂದನ್ನು ಅವನ ಎದೆಜೇಬಿಗೆ ಹಾಕಿ, ಅದು ಯಾವ ಜೇಬು ಎಂದು ಎರಡು ಸಲ ಹೇಳಿ, ಕಿಟಕಿ ಪಕ್ಕದ ಸೀಟು ಹಿಡಿದು ಹೊರಟಳು. ಜನರನ್ನು ಊರೂರಿಗೆ ಮುಟ್ಟಿಸಲೆಂದೇ ಹುಟ್ಟಿದ ಸಂಘಕ್ಕೆ, ಮನೆಯಲ್ಲಿ ಉಳಿದುಬಿಟ್ಟ ಒಬ್ಬ ಅತಿಥಿಯನ್ನು ಸಾಗಹಾಕುವುದು ಹೇಗೆಂದು ವಾರಗಟ್ಟಲೆ ಹೊಳೆಯಲಿಲ್ಲ.

ಅಂಗಡಿಗೆ ಬಂದವಳು ಹೊಲಿಗೆಗೆ ಕೂರುವ ಮೊದಲು ಹಿಂದಿನ ಬಾಗಿಲು ತೆಗೆದಳು. ಅಂಗಡಿ ಸಾಲಿನವರು ಬಳಸುವ ಶೌಚಾಲಯ ಅಲ್ಲಿತ್ತು, ಅದರ ಪಕ್ಕದಲ್ಲಿ ತುಂಡುಬಟ್ಟೆ ತುಂಬಿದ ಇನ್ನೊಂದು. ತುಂಡುಬಟ್ಟೆ ಖಾಲಿ ಮಾಡಿಸಿ, ಉಜ್ಜಿಸಿ, ಒಳಗಿನಿಂದ ಗಟ್ಟಿಯಾಗಿ ಹಾಕಿಕೊಳ್ಳುವ ಚಿಲಕ, ಒಂದು ಬಲ್ಬು, ಬ್ಯಾಗು ತೂಗುಹಾಕಲು ಮೊಳೆ, ಮುಖ ನೋಡಿಕೊಳ್ಳಲು ಕನ್ನಡಿ ಹಾಕಿಸಿದಳು. ಅಂಗಡಿಯ ಬೋರ್ಡಿನ ಕೆಳಗೆ ‘ಹೆಂಗಸರ ಶೌಚಾಲಯ ಇದೆ’ ಎಂದು ಬರೆಸಿದಳು. ಔಷಧಿ ಅಂಗಡಿಯವನು, ಇದೂ ಒಂದು ಸೌಕರ್ಯವೇ ಎಂದು ನಕ್ಕ. ಆ ವಾರವೇ ಅವನ ಅತ್ತೆ ಬಸ್ಸಿಳಿದವರು ಅಳಿಯನನ್ನು ಮಾತಾಡಿಸುವ ಮೊದಲು ಅಲ್ಲಿಗೆ ಓಡಿದರು. ಅಲ್ಲಿಂದಾಚೆಗೆ ಅವನು ನಗಲಿಲ್ಲ.

ಸಂಚಾರಿ ಬಂದದ್ದು ಲಾರಿಯಲ್ಲಿ. ಗಿಡ ಸಾಗಿಸುವ ತೆರೆದ ಲಾರಿಯ ಹಿಂದೆ, ಗುಲಾಬಿ ಕುಂಡಗಳ ನಡುವೆ ಕೂತು, ಮುಖಕ್ಕೆ ಗಾಳಿ ಬಡಿಸಿಕೊಂಡು ಬಂದಿದ್ದ. ಒಂದು ಸಲವೂ ಹೊಟ್ಟೆ ತೊಳಸಲಿಲ್ಲವಂತೆ. ಬಸ್ಸುಗಳ ಮಾಡು ಕಿತ್ತುಹಾಕುವುದೇ ಪರಿಹಾರ ಎಂದು ಇಳಿಯುತ್ತಲೇ ಶುರುಮಾಡಿದ. ಆಮೇಲೆ ಅಂಗಡಿಯ ಪಕ್ಕದ ಓಣಿಯಲ್ಲಿ ಹೆಂಗಸರ ಸಾಲು ಕಂಡಿತು. ಒಂದು ಸುತ್ತು ಹಾಕಿ ನೋಡಿ ಬಂದವನ ಮುಖ ಸಪ್ಪಗಾಗಿತ್ತು.

“ಇದರಲ್ಲಿ ಹೊಸದೇನಿದೆ?” ಅಂದ.

“ಏನೂ ಇಲ್ಲ ರೀ,” ಅಂದಳು ಅವಳು ಮಿಷನ್ ತುಳಿಯುತ್ತಲೇ. “ಬಾಗಿಲು ತೆಗೆದಿರುತ್ತೆ, ಅಷ್ಟೇ.”

ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ, ಎಳೆಮಗುವನ್ನು ಎಲ್ಲಿ ಮಲಗಿಸುವುದೆಂದು ತಿಳಿಯದೆ ಒಬ್ಬ ತಾಯಿ ಸಾಲಿನಲ್ಲೇ ಅಳುಮೋರೆ ಮಾಡಿ ನಿಂತದ್ದನ್ನು ನೋಡಿದ. ತನ್ನ ಗಾಜಿನ ಪೆಟ್ಟಿಗೆ ಒಡೆದು, ಅದರ ತಳದ ಹಲಗೆಗೆ ಕೀಲು ಜೋಡಿಸಿ, ಶೌಚಾಲಯದ ಒಳಗೋಡೆಗೆ ಬಡಿದ. ಬೇಕಾದಾಗ ಇಳಿಸಬಹುದು, ಬೇಡವಾದಾಗ ಮಡಚಬಹುದು. ಅವಳು ಅದಕ್ಕೆ ಮೆತ್ತೆ ಹೊಲಿದುಕೊಟ್ಟಳು. ಅದಕ್ಕೆ ಪಟ್ಟಿ ಬೇಕೇ ಎಂದು ಕೇಳಿದ. ಒಂದೇ ಒಂದು, ಸಡಿಲವಾಗಿ ಅಂದಳು. ಆ ಹಲಗೆಗೆ ಯಾವ ಸಂಘವೂ ಬಿರುದು ಕೊಡಲಿಲ್ಲ. ಕೊಟ್ಟಿದ್ದರೂ ತರಲು ಹೋಗುವವರು ಯಾರು?

ಈಗ ಹೊಲಿಗೆ ಕಡಿಮೆಯಿರುವ ದಿನಗಳಲ್ಲಿ ಅವಳು ಮಗಳಿಗೆ ಮಿಷನ್ ಒಪ್ಪಿಸಿ ಬಸ್ಸು ಹತ್ತುತ್ತಾಳೆ. ಎಲ್ಲಿಗೆ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಊರು ಹೇಳುತ್ತಾಳೆ. ಅಲ್ಲಿ ಅವಳಿಗೆ ನೆಂಟರೂ ಇಲ್ಲ, ಕೆಲಸವೂ ಇಲ್ಲ. ಸಂಚಾರಿ ನಿಲ್ದಾಣದವರೆಗೆ ಬಂದು, ಯಾವ ಸೀಟು ಒಳ್ಳೆಯದು, ಯಾವ ತಿರುವಿನಲ್ಲಿ ಹುಷಾರಾಗಿರಬೇಕು ಎಂದು ಅಕ್ಕಪಕ್ಕದವರಿಗೆಲ್ಲ ಕೇಳಿಸುವ ಹಾಗೆ ಹೇಳಿಕೊಡುತ್ತಾನೆ. ಎಲ್ಲದಕ್ಕೂ ಹೂಂ ಅನ್ನುತ್ತ ಅವಳು ಕಿಟಕಿಯ ಗಾಜು ಪೂರ್ತಿ ಹಿಂದಕ್ಕೆ ಸರಿಸುತ್ತಾಳೆ.