ಚಿಲಕದ ತೂತಿನ ಸಾಬೂನು

ಮೊನ್ನೆ ಕೋಟನೂರಿನ ಈ ಬಾಡಿಗೆ ಮನೆಯ ಬಚ್ಚಲ ಚಿಲಕ ಅಲುಗಾಡಿ, ಒಂದು ಸ್ಕ್ರೂ ಕೈಗೇ ಬಂತು. ಇನ್ನೊಂದು ಕೈಯಲ್ಲಿ ನೆನೆದ ಕೆಂಪು ಸಾಬೂನು. ಅದರ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷದ ಹಿಂದಿನ ಹೆದರಿಕೆ, ಚೂರೂ ಸವೆದಿರಲಿಲ್ಲ…

ಆಗ ಗಾಜಿಪುರದಲ್ಲಿ ಎರಡು ಖೋಲಿಯ ಮನೆ ಬಾಡಿಗೆಗೆ ಹಿಡಿದಿದ್ದೆವು. ಮನೆಯವರು ನಂದೂರಿನ ದಾಲ್ ಮಿಲ್ಲಿಗೆ ಹೋಗುತ್ತಿದ್ದರು; ನನಗೆ ಏಳು ತಿಂಗಳು. ಎಷ್ಟೋ ಓಣಿಗಳಲ್ಲಿ ನಮ್ಮ ಜಾತಿ ಕೇಳಿದ ಮೇಲೆ ಖಾಲಿ ಮನೆಗಳೂ ಖಾಲಿ ಇಲ್ಲದಂತಾಗಿದ್ದವು. ಕೇಳದೇ ಕೀಲಿ ಕೊಟ್ಟವರು ಈ ಮಾಲಕಿ ಒಬ್ಬರೇ. ಕಮಲಾಪುರದವರು, ವಯಸ್ಸಾದವರು. ನಾವು ಆಯಿ ಅಂತಿದ್ದೆವು.

ತಿಂಗಳಿಗೊಮ್ಮೆ ದವಾಖಾನೆಗೆ ಅಂತ ಬಸ್ಸಿಗೆ ಬರುತ್ತಿದ್ದರು. ಚೀಲದಲ್ಲಿ ಕೆಂಪು ಬಾಳೆಹಣ್ಣು. ಬಸ್ಸಿನ ಧೂಳು ಅಂತ ನಮ್ಮ ಬಚ್ಚಲಲ್ಲೇ, ನಮ್ಮ ಸಾಬೂನಿನಲ್ಲೇ ಸ್ನಾನ. ಅದಕ್ಕೂ ಮೊದಲು ನಲ್ಲಿ ತಿರುಗಿಸಿ, ಗೋಡೆ ಸವರಿ ನೋಡುವುದು.

"ಗೋಡಿಗಿ ಮೊಳಿ ಹೊಡದ್ರ ನನ್ನ ಎದಿಗೇ ಹೊಡದಂಗ ನೋಡವ್ವಾ. ಹಿಂದಿನವರು ಕನ್ನಡಿ ಸಲುವಾಗಿ ಹೊಡದ್ರು. ಆ ಕನ್ನಡಿ ತೊಗೊಂಡೇ ಮನಿ ಬಿಡ್ರೀ ಅಂದೆ," ಅಂತ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಹಾಗಾಗಿ ಬಚ್ಚಲ ಚಿಲಕ ಸಡಿಲಾದಾಗ ಬಾಯಿ ಬಿಡಲಿಲ್ಲ. ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಮುರಿದು ತುರುಕಿ, ಮೇಲೆ ಹಸಿ ಸಾಬೂನು ಒತ್ತಿ, ಸ್ಕ್ರೂ ತಿರುವಿ ಕೂಡಿಸಿದೆ. ಒಣಗಿದ ಮೇಲೆ ಗಟ್ಟಿಯಾಗೇ ಕಂಡಿತು.

ಮುಂದಿನ ಸಲ ಆಯಿ ಬಂದಾಗ ಬಕೆಟ್ಟಿಗೆ ಹೀಟರ್ ರಾಡ್ ಹಾಕಿಕೊಟ್ಟೆ. ಒಳಹೋಗಿ ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯುವ ಸದ್ದು.

"ಏ ಹುಡುಗೀ, ಚಿಲಕ ಸೊಟ್ಟಾಗಿ ಸಿಕ್ಕೊಂಡದ! ನೀರು ಕುದಿಯಾಕತ್ತಾವ. ಕೈ ಹಸಿ ಅದಾವ, ಬಟನ್ ಹ್ಯಾಂಗ ಮುಟ್ಲಿ?"

ಹಬೆಗೆ ಸಾಬೂನು ಕರಗಿತ್ತು. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಕಿಟಕಿಯಿಲ್ಲದ ಬಚ್ಚಲು, ಒಳಗಿನ ದೀಪವೂ ಆರಿತು. ಅದರ ಜೊತೆಗೇ ಅವರ ದನಿ ನಿಂತಿತು.

"ಆಯೀ… ಆಯೀ, ಮಾತಾಡ್ರೀ!"

ಒಳಕಲ್ಲಿನ ಗುಂಡು ಎತ್ತಿಕೊಂಡೆ. ಹೊಟ್ಟೆಯಲ್ಲಿ ಕೂಸು ಒದ್ದಿತು. ಮೊಳೆ ಹೊಡೆಯಲೂ ಅಂಜುತ್ತಿದ್ದ ಮನೆಯ ಬಾಗಿಲನ್ನೇ ಗುದ್ದಿದೆ. ಎಷ್ಟು ಏಟಿಗೆ ಒಡೆಯಿತೋ, ನೆನಪಿಲ್ಲ…

ಆಯಿ ಒದ್ದೆ ಸೀರೆ ಸುತ್ತಿಕೊಂಡು ಮೂಲೆಯಲ್ಲಿ ಕುಸಿದು ಕೂತಿದ್ದರು. ನನ್ನ ಕೈ ಹಿಡಿದರು.

"ನಂದೇ ತಪ್ಪವ್ವಾ. ಹಳೇ ಚಿಲಕ, ಯಾವಾಗೋ ಬದಲಿ ಮಾಡಬೇಕಿತ್ತು. ಬಸುರಿ ನೀ ಸಿಕ್ಕೊಂಡಿದ್ರ ಏನ್ ಗತಿ?"

ನೆಲದ ಮೇಲೆ ಮುರಿದ ಕಡ್ಡಿಗಳಿದ್ದವು, ಸಾಬೂನು ಮೆತ್ತಿದ್ದವು. ನಾನು ಅವುಗಳ ಮೇಲೆ ಕಾಲಿಟ್ಟು ನಿಂತೆ.

ಮರುವಾರವೇ ಹೊಸ ಬಾಗಿಲು, ಹೊಸ ಚಿಲಕ ಬಂದವು. ಆದರೆ ಆಯಿ ಮತ್ತೆಂದೂ ಚಿಲಕ ಹಾಕಲಿಲ್ಲ. ಬಾಗಿಲು ಅರ್ಧ ಮುಂದೆ ಮಾಡಿ, "ಹೊರಗ ಕೂಡು, ಏನರೆ ಮಾತಾಡ್ಕೋತ ಇರು, ನನಗ ಅಂಜಿಕಿ," ಅನ್ನುವರು. ನಾನು ಬೆನ್ನು ತಿರುಗಿಸಿ, ಕೂಸಿಗೆ ಹಾಲು ಕುಡಿಸುತ್ತ, ಬೇಳೆಯದ್ದು, ಬಿಸಿಲಿನದ್ದು ಮಾತಾಡುತ್ತಿದ್ದೆ. ಪ್ರತಿ ಸಲವೂ ಆ ಒಂದು ಮಾತು ನಾಲಿಗೆ ತುದಿಗೆ ಬರುತ್ತಿತ್ತು. ಮನೆ ಬಿಡಿ ಅಂದುಬಿಟ್ಟರೆ? ನುಂಗುತ್ತಿದ್ದೆ. ಮುಂದಿನ ತಿಂಗಳು ಹೇಳಿದರಾಯಿತು…

ಒಂದು ತಿಂಗಳು ಆಯಿ ಬರಲಿಲ್ಲ. ಕಮಲಾಪುರದ ಮನೆಗೆ ಹೋದಾಗ ಮಣ್ಣು ಮಾಡಿ ಐದು ದಿನವಾಗಿತ್ತು. ಆಯಿಯ ಸೊಸೆ ಅಂದಳು, "ನಿಮ್ಮ ಸುದ್ದೀನೇ ಹೇಳ್ತಿದ್ರು. ಬಾಗಿಲಾ ಒಡದು ಜೀವಾ ಉಳಿಸಿದಾಕಿ ಅಂತ." ಅಲ್ಲಿ ಕೊಟ್ಟ ಚಹಾ ಹಾಗೇ ಬಿಟ್ಟು ಎದ್ದೆ.

ಮೊನ್ನೆ ಆ ಸ್ಕ್ರೂ ಕಿಟಕಿಯ ಮೇಲಿಟ್ಟೆ. ಈಗಿನ ಮಾಲಕರಿಗೆ ಫೋನ್ ಮಾಡಿ ಹೇಳಿದೆ, ನಾಳೆ ನೋಡೋಣ ಅಂದರು. ಬಾಗಿಲು ಅರ್ಧ ಮುಂದೆ ಮಾಡಿ ಸ್ನಾನಕ್ಕೆ ಕೂತೆ. ತಂಬಿಗೆ ಕೈಯಲ್ಲೇ ಉಳಿಯಿತು.

"ಆಯೀ, ಕಡ್ಡಿ ತುರುಕಿದಾಕಿ ನಾನೇರೀ."

"ಯಾರ ಜೋಡಿ ಮಾತಾಡಾಕತ್ತೀಯವ್ವಾ?" ಹೊರಗಿನಿಂದ ಮಗಳು ಕೇಳಿದಳು.

"ಅಲ್ಲೇ ಕೂಡು," ಅಂದೆ. "ಏನರೆ ಮಾತಾಡ್ಕೋತ ಇರು."