ತಾಳಿ ಅಂತ ಕೇಳಿಸಿದ ಮಾತು

ಬಿಸಿಲು ಏರುವುದರೊಳಗೆ ರೊಟ್ಟಿ ಮುಗಿಸಬೇಕೆಂದು ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದೆ. ಎದುರುಮನೆಯ ಸೊಸೆ ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾರ, ನಮ್ಮತ್ತಿ ಹ್ವಾದ್ರು" ಎಂದಳು. ಆ ಮಾತು ತಲೆಗೆ ಇಳಿಯುವ ಮೊದಲೇ ಅವಳ ಸೆರಗಿನ ವಾಸನೆ ಮೂಗಿಗೆ ಬಡಿಯಿತು. ಒಣಗಿ ಕಲ್ಲಿನಂತಾದ ಕರಿ ಲಿಂಬೆಕಾಯಿಯ ವಾಸನೆ. ಹುಳಿ, ಒಂದಿಷ್ಟು ಹೊಗೆ, ಒಂದಿಷ್ಟು ಕಹಿ... ನಮ್ಮ ಲಕ್ಷ್ಮೇಶ್ವರದ ಯಾವ ಅಂಗಡಿಯಲ್ಲೂ ನಾನು ಅದನ್ನು ಕಂಡಿಲ್ಲ. ಅದು ಕುವೈತಿನದು. ಈ ಹುಡುಗಿಯ ಅತ್ತೆಯ ಟ್ರಂಕಿನಲ್ಲಿ ಮಾತ್ರ ಇರುತ್ತಿತ್ತು.

ಆ ಅತ್ತೆಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ಓಣಿಯೆಲ್ಲ ಹಾಗೇ ಕರೆಯುತ್ತಿತ್ತು. ಹನ್ನೆರಡು ವರ್ಷ ಕುವೈತಿನ ಒಂದು ಮನೆಯಲ್ಲಿ ಅಡುಗೆ ಮಾಡಿ ಬಂದವಳು. ಗೌಂಡಿ ಕೆಲಸದ ನಮ್ಮ ಮನೆಯವರು ಮೇಲಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ, ನಾನೂ ಅಲ್ಲಿಗೆ ಹೋಗಿ ದುಡಿಯುತ್ತೇನೆಂದು ಹಟ ಹಿಡಿದೆ. ಚಿಗವ್ವನ ಮೇಡಮ್ಮಿನ ತಂಗಿಯ ಮನೆಯಲ್ಲಿ ಹಣ್ಣುಮುದುಕಿಯೊಬ್ಬರನ್ನು ನೋಡಿಕೊಳ್ಳಲು ಹೆಂಗಸು ಬೇಕಾಗಿತ್ತು.

"ಮಾತು ನಾ ಹಾಕ್ತೀನಿ. ಆದರ ಅರಬ್ಬೀ ಬರಬೇಕ ನೋಡು" ಎಂದಳು ಚಿಗವ್ವ.

ಅರಬ್ಬೀ ಎಂದರೆ ನಮಾಜಿನ ಭಾಷೆ ಎಂದಷ್ಟೇ ನನಗೆ ಗೊತ್ತಿತ್ತು. ದೇವರ ಮಾತು, ಯಾರ ದೇವರಾದರೇನು ಎಂದು ಮೊದಲ ದಿನ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಹೋದೆ. ಚಿಗವ್ವ ನನ್ನ ಕೈಗೆ ಉಳ್ಳಾಗಡ್ಡಿ ಕೊಟ್ಟು "ಬಸಲ್" ಎಂದಳು. ಅನ್ನ ತೋರಿಸಿ "ಐಶ್" ಎಂದಳು.

"ಅನ್ನಕ್ಕ ಐಶ್ ಅಂತಾರೇನ?"

"ಹಸದವರಿಗೆ ಅದ ಐಶ್ ಅಲ್ಲೇನ? ಸುಮ್ನ ಅನ್ನು."

ನಕ್ಕದ್ದು ಅದೊಂದೇ ದಿನ. ಆಮೇಲೆ ಅವಳು ಕಲಿಸುವ ರೀತಿಗೆ ನನಗೆ ಮೈ ಉರಿಯುತ್ತಿತ್ತು. ಒಲೆಯ ಮುಂದೆ ಕೂತು ಮೇಡಮ್ಮಿನ ಹಾಗೆ ಒದರುವಳು, ನಾನು ತಂದುಕೊಡಬೇಕು. ಯಾವುದನ್ನು ಕೇಳಿದಳೆಂದು ತಿಳಿಯದೆ ಪಾತ್ರೆ, ನೀರು, ಉಪ್ಪು ಎಲ್ಲ ಒಂದೊಂದಾಗಿ ಹಿಡಿಯುತ್ತಿದ್ದೆ. ಅರ್ಥ ಕೇಳಿದರೆ ಸೌಟು ಎತ್ತುವಳು. "ಅರ್ಥ ಕೇಳಬ್ಯಾಡ. ಅಲ್ಲಿ ಅರ್ಥ ಹೇಳಾಕ ನಿಮ್ಮವ್ವ ಬರ್ತಾಳೇನು?"

ಮೂರನೆಯ ದಿನವೋ ನಾಲ್ಕನೆಯ ದಿನವೋ, ಹಿತ್ತಲಿನಿಂದ ಕೂಗಿದಳು: "ತಆಲಿ!"

ನನಗೆ ಕೇಳಿಸಿದ್ದು ತಾಳಿ. ಎರಡೂ ಕೈ ಕೊರಳಿಗೆ ಹೋದವು. ಗಂಡ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿರುವಾಗ ಆ ಶಬ್ದ ಯಾವ ಭಾಷೆಯಲ್ಲಿ ಬಂದರೂ ಹೆಣ್ಣಿನ ಕೈ ಇನ್ನೆಲ್ಲಿಗೆ ಹೋಗಬೇಕು? ಚಿಗವ್ವ ಒಳಗೆ ಬಂದು ನನ್ನ ಕೈ ನೋಡಿದಳು. "ಅಯ್ಯ ನಿನ್ನ! ಅದಲ್ಲ. ಇತ್ತಾಗ ಬಾ ಅಂತ. ಅದಕ್ಕ ನೀ ‘ಯಾಯಾ’ ಅನಬೇಕು. ಬಂದೆ ಅಂತ." ಅವಳು ಅರ್ಥ ಬಿಡಿಸಿ ಹೇಳಿದ್ದು ಅವೆರಡೇ ಶಬ್ದಕ್ಕೆ.

ಅರ್ಥ ತಿಳಿದರೂ ಕೈ ಕೇಳಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಕೂಗುವಳು, ಇಪ್ಪತ್ತು ಸಲವೂ ಕೈ ಕೊರಳಿಗೆ. ಶಿವನೇ, ಇಷ್ಟು ಮೊಂಡು ಕೈ ಯಾಕೆ ಕೊಟ್ಟೆ ಎಂದು ಪೂಜೆಯಲ್ಲೂ ಬೈದುಕೊಂಡೆ.

ಕೊನೆಗೆ ಕುವೈತಿನ ಆ ಮನೆಯವರು ಮೊಬೈಲಿನಲ್ಲಿ ಮುಖ ನೋಡಿ ಮಾತಾಡಿದರು. ಹೆಸರು, ವಯಸ್ಸು, ಅಡುಗೆ ಎಲ್ಲಕ್ಕೂ ಉತ್ತರ ಕೊಟ್ಟೆ. ಚಿಗವ್ವ ಪಕ್ಕದಲ್ಲಿ ಕೂತು ತಲೆದೂಗುತ್ತಿದ್ದಳು. ನಾನು ಕತ್ತಲೆಯಲ್ಲಿ ನಿಂತಿದ್ದೆನೆಂದು ಕಾಣುತ್ತದೆ, ಫೋನಿನ ಆಚೆಯ ಹೆಂಗಸು ಬೆರಳಾಡಿಸಿ "ತಆಲಿ, ತಆಲಿ" ಎಂದಳು. ನಾನು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದೆ.

ಫೋನು ಇಟ್ಟ ಮೇಲೆ ಏನಂದರು ಎಂದು ಕೇಳಿದೆ.

"ಕರದರ ಹಿಂದ ಸರಿಯೋ ಹೆಂಗಸು ಮುದುಕಿಗೆ ಆಗಂಗಿಲ್ಲ ಅಂದ್ರು."

ಆ ಕೆಲಸಕ್ಕೆ ಪಕ್ಕದೂರು ಶಿಗ್ಲಿಯ ಒಬ್ಬಾಕೆ ಹೋದಳು. ನಾನು ಅಳುತ್ತ ಕೂತಿದ್ದಾಗ ಚಿಗವ್ವ ಸಮಾಧಾನಕ್ಕೆಂದು ಹೇಳಿದ ಮಾತು ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. "ಮೊದಲನೇ ದಿನ ನಾನೂ ಹಿಂಗ ತಾಳಿ ಹಿಡ್ಕೊಂಡು ಅತ್ತೀನಿ. ಮೇಡಮ್ಮು ಬಿಚ್ಚಿ ಕೊಡು ಅಂತಾಳ ಅಂತ ತಿಳದು."

"ಖರೇನ? ಮತ್ತ ನನಗ್ಯಾಕ ಮೊದಲ ಹೇಳಲಿಲ್ಲ?"

"ಹೇಳಿದ್ರ ನಕ್ಕ ಬಿಡತಿದ್ದಿ. ಕಲೀತಿದ್ದಿಲ್ಲ."

"ಈಗೇನ ಕಲತೆ? ನಿನ್ನ ಅರಬ್ಬೀ ನಿನ್ನ ಟ್ರಂಕಿನ್ಯಾಗ ಇಟಗೋ!"

ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನಡುವೆ ಇದ್ದದ್ದು ಎಂಟು ಹೆಜ್ಜೆಯ ಓಣಿ. ದೇವರು ದೊಡ್ಡವನು, ಮನೆಯವರ ಕಾಲು ಕೂಡಿತು. ಸ್ವಲ್ಪ ಎಳೆಯುತ್ತಾರೆ, ಆದರೂ ಕೆಲಸಕ್ಕೆ ಹೋಗುತ್ತಾರೆ. ಮಗಳ ಜಡೆ ನನ್ನ ಕೈಯಲ್ಲೇ ಹೆಣೆದೆ. ಹೋಗದೇ ಇದ್ದದ್ದೇ ಒಳ್ಳೆಯದಾಯಿತೇನೋ... ಆದರೂ ಸಿಟ್ಟು ಇಳಿಯಲಿಲ್ಲ. ಹಬ್ಬ ಬಂದಾಗಲೆಲ್ಲ ಚಿಗವ್ವ ತನ್ನ ಕಟ್ಟೆಯ ಮೇಲೆ ನಿಂತು, ನಗುತ್ತ, "ತಆಲಿ!" ಎಂದು ಕರೆಯುವಳು. ಆಗ ನನ್ನ ಕೈ ಕೊರಳಿಗೆ ಹೋಗುತ್ತಿರಲಿಲ್ಲ. ಕಲಿತಾಗಿತ್ತು. ಕಾಲು ಮಾತ್ರ ಏಳುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಅವಳು ಹಾಸಿಗೆ ಹಿಡಿದದ್ದು ಗೊತ್ತಿತ್ತು. ಸೋಮವಾರದ ಉಪವಾಸ ಮುಗಿಯಲಿ, ಆಮೇಲೆ ಹೋಗಿ ಬರೋಣ ಎಂದು ಮುಂದೂಡಿದ್ದೆ. ಎಂಥ ಭಕ್ತಿಯೋ ನನ್ನದು.

ಹಿಟ್ಟಿನ ಕೈಯಲ್ಲೇ ಸೊಸೆಯ ಹಿಂದೆ ಓಣಿ ದಾಟಿದೆ. ಆ ಹುಡುಗಿ ಅಳುತ್ತಲೇ ಹೇಳಿದಳು, "ಎರಡ ದಿನದಿಂದ ಬ್ಯಾರೆ ಮಾತ ಇಲ್ರಿ ಅಕ್ಕಾರ. ತಾಳಿ, ತಾಳಿ, ಇಷ್ಟ. ಮಾವ ಹ್ವಾದಾಗ ತಗದಿಟ್ಟ ತಾಳಿ ಕೇಳ್ತಾರ ಅಂತ ತಿಳದು ಟ್ರಂಕ್ ಎಲ್ಲಾ ಹುಡಿಕಿದೆ. ಲಿಂಬಿಕಾಯಿ ಡಬ್ಬಿ ಕೆಳಗ ಇತ್ತು. ಕೈಯಾಗ ಕೊಟ್ರ ಒಗದ ಬಿಟ್ರು! ಬಾಗಲದ ಕಡೆ ನೋಡಕೋಂತ ಮತ್ತ ತಾಳಿ, ತಾಳಿ... ಯಾಕ ಇರಬೇಕ್ರಿ?"

ಅವರ ಬಾಗಿಲಿಗೆ ಎದುರಾಗಿ ಇರುವುದು ನಮ್ಮ ಮನೆ ಒಂದೇ.

ಅದು ನನ್ನನ್ನು ಕರೆದದ್ದು ಎಂದು ಹೇಳಲಿಲ್ಲ. ಹೇಳಿದ್ದರೆ ಆ ಹುಡುಗಿ, ನಿಮ್ಮನ್ನು ಕರೆದು ತರಲಿಲ್ಲವಲ್ಲ ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ತಪ್ಪು ಅವಳದಲ್ಲ. "ನಿಮ್ಮ ಮಾವನ ನೆನಪಾಗಿರಬೇಕು ಬಿಡವಾ" ಎಂದೆ. ಸತ್ತವರ ಮನೆಯಲ್ಲಿ ನಿಂತು ಆಡಿದ ಸುಳ್ಳು. ಶಿವ ಕ್ಷಮಿಸಲಿ.

ಚಿಗವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹತ್ತಿರ ಹೋಗಿ ಕಿವಿಯ ಬಳಿ ಬಗ್ಗಿ "ಯಾಯಾ" ಎಂದೆ. ತೊದಲದೆ ಬಂತು. ತಿದ್ದಲು ಸೌಟು ಎತ್ತುವವಳು ಕಣ್ಣು ಮುಚ್ಚಿದ್ದಳು.

ಮಣ್ಣು ಮುಗಿಸಿ, ಜಳಕ ಮಾಡಿ ಮನೆಗೆ ಬಂದಾಗ ಹಿಟ್ಟು ಮುಚ್ಚದೆ ಬಿಟ್ಟಲ್ಲೇ ಇತ್ತು. ಒಂದು ಇರುವೆಯೂ ಮುತ್ತಿರಲಿಲ್ಲ, ಅದೊಂದು ಪುಣ್ಯ. ಇವತ್ತು ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅವರ ಮಂದಿಯನ್ನೂ ಎಣಿಸಿಕೊಂಡು ಇನ್ನೆರಡು ಹಿಡಿ ಹಿಟ್ಟು ಸಾಣಿಸಿ, ಎಸರಿಟ್ಟು, ರೊಟ್ಟಿ ಬಡಿಯಲು ಕೂತೆ.